8-4 ಟೆನೆಸ್ಸಿಗೆ ಯಾವ ಬೌಲ್ ಸರಿ? ಟ್ಯಾಂಪಾ, ಜಾಕ್ಸನ್‌ವಿಲ್, ನ್ಯಾಶ್‌ವಿಲ್, ಶಾರ್ಲಟ್, ಮೆಂಫಿಸ್

ಸೌತ್‌ಎಂಡ್_ಕನ್ನಡಿಗ
30 ನವೆಂಬರ್ 2025

ನಿನ್ನೆ ನಮ್ಮ ಮೈದಾನ ನೇಲ್ಯಾಂಡ್‌ನಲ್ಲಿ ವ್ಯಾಂಡರ್‌ಬಿಲ್ಟ್ ಎದುರು 45-24ರ ಸೋಲಿನೊಂದಿಗೆ ನಮ್ಮ ಟೆನೆಸ್ಸಿ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ರೆಗ್ಯುಲರ್ ಸೀಸನ್ 8-4ಕ್ಕೆ (ಎಂಟು ಗೆಲುವು, ನಾಲ್ಕು ಸೋಲು) ಮುಗೀತು. ಉಳಿದ ಮೂರು ಸೋಲು: ಜಾರ್ಜಿಯಾ ಎದುರು ಓವರ್‌ಟೈಮ್‌ನಲ್ಲಿ 44-41, ಅಲಬಾಮಾ ಎದುರು 37-20, ಓಕ್ಲಹೋಮಾ ಎದುರು 33-27. ರಾಷ್ಟ್ರೀಯ ಪ್ರಶಸ್ತಿಗೆ ನಡೆಯುವ ಪ್ಲೇಆಫ್ ಮಾತು ಮುಗಿದೇ ಹೋಗಿದೆ. ಡಿಸೆಂಬರ್ 7ರ ಭಾನುವಾರ ಪ್ಲೇಆಫ್‌ನ 12 ತಂಡಗಳ ಪಟ್ಟಿ ಬಂದ ಮೇಲೆ ಉಳಿದ ಬೌಲ್‌ಗಳೂ (ಸೀಸನ್ ಮುಗಿದ ಮೇಲೆ ತಂಡಗಳನ್ನು ಕರೆದು ಆಡಿಸುವ ಒಂದೊಂದೇ ಪಂದ್ಯ) ಒಂದೊಂದಾಗಿ ಪ್ರಕಟ ಆಗ್ತವೆ.

ಕೇಳಬೇಕಿರೋದು ಮೂರು ವಿಷಯ. ನಾವು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸೋರು ಬೌಲ್‌ನವರೋ, ನಾವಿರುವ ಕಾನ್ಫರೆನ್ಸ್ (ತಂಡಗಳ ಒಕ್ಕೂಟ) ಎಸ್‌ಇಸಿಯ ಕಚೇರಿಯೋ, ನಮ್ಮ ಅಥ್ಲೆಟಿಕ್ ವಿಭಾಗವೋ? ತಂಡದ ದೃಷ್ಟಿಯಿಂದ, ಅಂದರೆ ಮುಂದಿನ ಸೀಸನ್ ಮನಸ್ಸಲ್ಲಿಟ್ಟುಕೊಂಡರೆ, ಯಾವ ಬೌಲ್ ಹೆಚ್ಚು ಪ್ರಯೋಜನ? ಮತ್ತೆ ಪ್ರಕಟಣೆಗೆ ಮೊದಲೇ ಹೋಟೆಲ್ ಹಿಡಿದಿಟ್ಟುಕೊಳ್ಳೋದು ಜಾಣತನವಾ?

ನನ್ನ ಒಲವು ಟ್ಯಾಂಪಾದ ರಿಲಯಾಕ್ವೆಸ್ಟ್ ಬೌಲ್ ಕಡೆ. ಅದು ಸಿಗದಿದ್ದರೆ ಜಾಕ್ಸನ್‌ವಿಲ್‌ನ ಗೇಟರ್ ಬೌಲ್. ನ್ಯಾಶ್‌ವಿಲ್‌ನ ಮ್ಯೂಸಿಕ್ ಸಿಟಿ ಬೌಲ್ ಬೇಡ ಅನ್ನಿಸ್ತಿದೆ. 2010, 2016, 2021ರಲ್ಲಿ ಆಡಿ ಆಗಿದೆ, ಮೂರರಲ್ಲಿ ಗೆದ್ದಿದ್ದು ಒಂದೇ.


ಮೂರನೇ_ಡೌನ್

ಮೊದಲನೇ ಪ್ರಶ್ನೆಗೆ ಉತ್ತರ ಕೊಡ್ತೀನಿ, ಅದು ತಿಳಿದರೆ ಉಳಿದ ಅರ್ಧ ತಾನಾಗೇ ಬಗೆಹರಿಯುತ್ತೆ.

ಎಸ್‌ಇಸಿಯಲ್ಲಿ ಪ್ಲೇಆಫ್ ತಂಡಗಳನ್ನು ತೆಗೆದ ಮೇಲೆ ಮೊದಲ ಆಯ್ಕೆ ಆರ್ಲ್ಯಾಂಡೋದ ಸಿಟ್ರಸ್ ಬೌಲ್‌ನದು. ಅದಾದ ಮೇಲೆ ಬರೋದು ಆರು ಬೌಲ್‌ಗಳ ಪೂಲ್: ರಿಲಯಾಕ್ವೆಸ್ಟ್, ಗೇಟರ್, ಮ್ಯೂಸಿಕ್ ಸಿಟಿ, ಹ್ಯೂಸ್ಟನ್‌ನ ಟೆಕ್ಸಸ್, ಮೆಂಫಿಸ್‌ನ ಲಿಬರ್ಟಿ, ಜೊತೆಗೆ ಲಾಸ್ ವೇಗಸ್ ಅಥವಾ ಡ್ಯೂಕ್ಸ್ ಮೇಯೋ. ಕೊನೆಯ ಎರಡನ್ನು ಎಸ್‌ಇಸಿ ಮತ್ತು ಬಿಗ್ ಟೆನ್ ಅನ್ನೋ ಇನ್ನೊಂದು ಕಾನ್ಫರೆನ್ಸ್ ವರ್ಷ ಬಿಟ್ಟು ವರ್ಷ ಅದಲು ಬದಲು ಮಾಡಿಕೊಳ್ತವೆ. ಸಮ ಸಂಖ್ಯೆಯ ವರ್ಷ ನಮಗೆ ವೇಗಸ್, ಬೆಸ ವರ್ಷ ಶಾರ್ಲಟ್‌ನ ಮೇಯೋ. ಹಾಗಾಗಿ ಈ ಸಲ ವೇಗಸ್ ಲೆಕ್ಕದಲ್ಲೇ ಇಲ್ಲ.

ಈ ಪೂಲ್‌ನಲ್ಲಿ ಒಂದನೇ, ಎರಡನೇ, ಮೂರನೇ ಆಯ್ಕೆ ಅಂತ ಸರದಿ ಇರಲ್ಲ. ಶಾಲೆಗಳು (ಅಂದರೆ ವಿಶ್ವವಿದ್ಯಾಲಯಗಳು) ತಮ್ಮ ಇಷ್ಟವನ್ನು ಕಾನ್ಫರೆನ್ಸ್‌ಗೆ ತಿಳಿಸ್ತವೆ, ಬೌಲ್‌ಗಳೂ ತಮಗೆ ಯಾರು ಬೇಕು ಅಂತ ಹೇಳ್ತವೆ, ಕೊನೆಗೆ ಜೋಡಿಸೋದು ಕಾನ್ಫರೆನ್ಸ್ ಕಚೇರಿ. 8-4 ತಂಡ 7-5 ತಂಡಕ್ಕಿಂತ ಮೇಲಿನ ಬೌಲ್‌ಗೆ ಹೋಗಲೇಬೇಕು ಅನ್ನೋ ನಿಯಮ ಇಲ್ಲ. ನೋಡೋದು ಇಷ್ಟು: ಹತ್ತಿರದ ಊರಾ, ಅಭಿಮಾನಿಗಳು ಬರ್ತಾರಾ, ಇತ್ತೀಚೆಗೆ ಅಲ್ಲೇ ಆಡಿದ್ದಾರಾ, ಎದುರಾಳಿ ಜೊತೆ ಈಚೆಗೆ ಆಡಿದ್ದಾರಾ.

ಈಗ ಎಣಿಸೋಣ. ಈ ವರ್ಷ ಎಸ್‌ಇಸಿಯಲ್ಲಿ ಬೌಲ್‌ಗೆ ಬೇಕಾದ ಆರು ಗೆಲುವು ಮುಟ್ಟಿದ್ದು ಹತ್ತೇ ತಂಡ. ಜಾರ್ಜಿಯಾ, ಅಲಬಾಮಾ, ಟೆಕ್ಸಸ್ ಎ ಅಂಡ್ ಎಂ, ಓಲ್ ಮಿಸ್, ಓಕ್ಲಹೋಮಾ ಐದೂ ಪ್ಲೇಆಫ್‌ಗೆ ಹೋದರೆ ಉಳಿಯೋರು ಟೆಕ್ಸಸ್ 9-3, ವ್ಯಾಂಡರ್‌ಬಿಲ್ಟ್ 10-2, ನಾವು 8-4, ಮಿಸೌರಿ 8-4, ಎಲ್‌ಎಸ್‌ಯು 7-5. ಐದು ತಂಡ, ಏಳು ಜಾಗ. ಆಬರ್ನ್, ಕೆಂಟಕಿ, ಮಿಸಿಸಿಪಿ ಸ್ಟೇಟ್ ಮೂರೂ 5-7ಕ್ಕೆ ನಿಂತಿದ್ದರಿಂದ ಎರಡು ಜಾಗ ಖಾಲಿ. ದೇಶದಲ್ಲಿ ಆರು ಗೆಲುವಿನ ತಂಡಗಳು ಸಾಲದೇ ಹೋದರೆ 5-7 ತಂಡಗಳನ್ನು ವಿದ್ಯಾರ್ಥಿಗಳ ಶೈಕ್ಷಣಿಕ ಪ್ರಗತಿಯ ಅಂಕ, ಅಂದರೆ ಎಪಿಆರ್, ನೋಡಿ ಕರೀತಾರೆ. ನಮಗೆ ಆ ತಾಪತ್ರಯ ಇಲ್ಲ. ಈ ಪೂಲ್‌ನಲ್ಲಿ ನಮಗೆ ಜಾಗದ ಕೊರತೆ ಇಲ್ಲ, ಆಯ್ಕೆ ನಿಜವಾಗಿಯೂ ಇದೆ.

ಆದರೆ ಟ್ಯಾಂಪಾ ಕಷ್ಟ. ಸಿಟ್ರಸ್‌ಗೆ ಟೆಕ್ಸಸ್ ಅಥವಾ ವ್ಯಾಂಡರ್‌ಬಿಲ್ಟ್, ಉಳಿದವರು ಟ್ಯಾಂಪಾಕ್ಕೆ. ವ್ಯಾಂಡಿ (ವ್ಯಾಂಡರ್‌ಬಿಲ್ಟ್) ನ್ಯಾಶ್‌ವಿಲ್‌ನದೇ ತಂಡ, ಮ್ಯೂಸಿಕ್ ಸಿಟಿಗೆ ಕರೆದರೆ ಹೋಟೆಲ್ ಕೋಣೆ ತುಂಬಲ್ಲ. ಬೌಲ್ ಸಮಿತಿಗಳು ಇರೋದೇ ಹೊರಗಿನ ಜನರನ್ನು ಊರಿಗೆ ತರೋದಕ್ಕೆ. ಎಲ್‌ಎಸ್‌ಯು ಕಳೆದ ವರ್ಷವೂ ಟೆಕ್ಸಸ್ ಬೌಲ್ ಆಡಿತ್ತು, ಆದರೂ ಅವರ ಊರು ಬ್ಯಾಟನ್ ರೂಜ್‌ನಿಂದ ಹ್ಯೂಸ್ಟನ್ ಹತ್ತಿರ ಆಗಿರೋದರಿಂದ ಅದನ್ನು ತಳ್ಳಿಹಾಕಬೇಡಿ. ಉಳಿದಿದ್ದು ನಾವು ಮತ್ತು ಮಿಸೌರಿ. ಮಿಸೌರಿ ಕಳೆದ ಡಿಸೆಂಬರ್ 30ಕ್ಕೆ ನ್ಯಾಶ್‌ವಿಲ್‌ನಲ್ಲೇ ಅಯೋವಾವನ್ನು 27-24ರಿಂದ ಸೋಲಿಸಿ ಬಂದಿದೆ, ಅವರನ್ನೇ ಮತ್ತೆ ಕರೆಯೋದು ಅನುಮಾನ. ಈ ಲೆಕ್ಕ ಹಿಡಿದರೆ ಅವರಿಗೆ ಜಾಕ್ಸನ್‌ವಿಲ್, ನಮಗೆ ನ್ಯಾಶ್‌ವಿಲ್.


ಗೆರೆದಾಟಿದ_ಚೆಂಡು

ಎರಡನೇ ಪ್ರಶ್ನೆ. ಊರು ಯಾವುದು ಅನ್ನೋದಕ್ಕಿಂತ ಮೊದಲು ತಾರೀಖು ನೋಡಿ. ಈ ವರ್ಷ ಎಲ್ಲಕ್ಕಿಂತ ಮುಖ್ಯ ಅದೇ.

ಕಳೆದ ವರ್ಷ ಟ್ರಾನ್ಸ್‌ಫರ್ ಪೋರ್ಟಲ್ (ಬೇರೆ ಶಾಲೆಗೆ ಹೋಗಬಯಸುವ ಆಟಗಾರರು ಹೆಸರು ಕೊಡುವ ಪಟ್ಟಿ) ಡಿಸೆಂಬರ್ 9ರಿಂದ 28ರವರೆಗೆ ತೆರೆದಿತ್ತು, ಬೌಲ್ ಅಭ್ಯಾಸದ ನಟ್ಟನಡುವೆ. ಈ ಸಲ ಒಂದೇ ಅವಧಿ: ಜನವರಿ 2ರಿಂದ 16. ಇದನ್ನು ಪಂದ್ಯಗಳ ಪಕ್ಕ ಇಟ್ಟು ನೋಡಿ. ಗೇಟರ್ ಮತ್ತು ಟೆಕ್ಸಸ್ ಡಿಸೆಂಬರ್ 27. ಮ್ಯೂಸಿಕ್ ಸಿಟಿ ಡಿಸೆಂಬರ್ 30. ಸಿಟ್ರಸ್, ರಿಲಯಾಕ್ವೆಸ್ಟ್ ಡಿಸೆಂಬರ್ 31. ಲಿಬರ್ಟಿ ಮತ್ತು ಮೇಯೋ ಎರಡೂ ಜನವರಿ 2, ಪೋರ್ಟಲ್ ಬಾಗಿಲು ತೆರೆಯುವ ದಿನವೇ. ಆ ದಿನ ಕೋಚ್‌ಗಳು ಬೆಳಗ್ಗೆಯಿಂದ ಫೋನ್ ಹಿಡಿದಿರಬೇಕು. ಯಾರು ಹೊರಟರು, ಯಾರನ್ನು ಕರೆಸಬೇಕು, ಯಾರಿಗೆ ಎಷ್ಟು ಕೊಡಬೇಕು ಅನ್ನೋ ಲೆಕ್ಕದ ಜೊತೆಗೇ ಸಂಜೆ ಪಂದ್ಯ ನಡೆಸಬೇಕು. ಬೇರೆ ತಂಡಗಳು ಆಗಲೇ ಆಟಗಾರರನ್ನು ಕ್ಯಾಂಪಸ್‌ಗೆ ಕರೆಸಿಕೊಳ್ತಿರ್ತವೆ. ಶಾರ್ಲಟ್‌ನಲ್ಲಿ ರಾತ್ರಿ 8ಕ್ಕೆ ಕಿಕ್‌ಆಫ್ ಆದರೆ ಮೊದಲ ದಿನ ಪೂರ್ತಿ ಕೈಬಿಟ್ಟ ಹಾಗೆ. ಅದಕ್ಕೇ ಮೇಯೋ, ಲಿಬರ್ಟಿ ಎರಡನ್ನೂ ನಾನು ಕೊನೆಗೆ ಇಡ್ತೀನಿ. ಆ ಬೌಲ್‌ಗಳಲ್ಲಿ ಕೊರತೆ ಇಲ್ಲ, ಈ ವರ್ಷದ ಕ್ಯಾಲೆಂಡರ್ ಅವಕ್ಕೆ ಅನುಕೂಲವಾಗಿಲ್ಲ.

ಒಂದು ಎಚ್ಚರಿಕೆ. ಪೋರ್ಟಲ್ ಜನವರಿ 2ಕ್ಕೆ ಅಂದ ಮಾತ್ರಕ್ಕೆ ಡಿಸೆಂಬರ್‌ನಲ್ಲಿ ಯಾರೂ ಹೋಗಲ್ಲ ಅಂತಲ್ಲ. "ನಾನು ಹೊರಡ್ತೀನಿ" ಅಂತ ಮೊದಲೇ ಘೋಷಿಸಿ ಅಭ್ಯಾಸ ಬಿಡೋರು ಇದ್ದೇ ಇರ್ತಾರೆ. ಕೋಚ್ ಬದಲಾದ ತಂಡಗಳಿಗೆ ನಿಯಮವೂ ಬೇರೆ: ಹೊಸ ಕೋಚ್ ನೇಮಕ ಆದ ಐದು ದಿನಕ್ಕೆ 15 ದಿನದ ಪ್ರತ್ಯೇಕ ಅವಧಿ ಶುರುವಾಗುತ್ತೆ. ಹಾಗಾಗಿ ಎದುರಾಳಿ ಯಾರೇ ಬರಲಿ, ಅವರ ಕೋಚ್ ಉಳಿದಿದ್ದಾರಾ ಅಂತ ಮೊದಲು ನೋಡಿ. ಹಂಗಾಮಿ ಕೋಚ್ ಇರುವ ತಂಡದ ಮೇಲೆ ಗೆದ್ದರೆ ಸಿಗೋದು ಕಡಿಮೆ, ಸೋತರೆ ಕಳೆದುಕೊಳ್ಳೋದು ಜಾಸ್ತಿ.

ಡ್ರಾಫ್ಟ್‌ಗೆ (ವೃತ್ತಿಪರ ತಂಡಗಳು ಸುತ್ತು ಸುತ್ತಾಗಿ ಆಟಗಾರರನ್ನು ಆರಿಸಿಕೊಳ್ಳೋದು) ಹೋಗುವವರು ಬೌಲ್ ಆಡಲ್ಲ ಅಂದುಕೊಂಡೇ ಯೋಜನೆ ಮಾಡಬೇಕು. 2016ರಲ್ಲಿ ಲೆನಾರ್ಡ್ ಫೋರ್ನೆಟ್, ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಬೌಲ್ ಬಿಟ್ಟಾಗ ದೊಡ್ಡ ಸುದ್ದಿ ಆಗಿತ್ತು, ಈಗ ಯಾರೂ ತಲೆ ಎತ್ತಿ ನೋಡಲ್ಲ. ಕಾರಣವೂ ಗಟ್ಟಿಯಾದದ್ದೇ. ಅದೇ ವರ್ಷದ ಜನವರಿ 1ರ ಫಿಯೆಸ್ಟಾ ಬೌಲ್‌ನಲ್ಲಿ ನಾಟರ್ ಡೇಮ್‌ನ ಜೇಲನ್ ಸ್ಮಿತ್ ಮೊಣಕಾಲು ಹೋಗಿ ಮೊದಲ ಸುತ್ತಿನಿಂದ ಎರಡನೇ ಸುತ್ತಿಗೆ ಜಾರಿದರು. ಬಿಡುವವರು ಜಾಸ್ತಿಯಾದರೆ ಏನಾಗುತ್ತೆ ಅಂತ ನೋಡಬೇಕಾದರೆ 2023ರ ಆರೆಂಜ್ ಬೌಲ್: 13-0 ಇದ್ದ ಫ್ಲಾರಿಡಾ ಸ್ಟೇಟ್ ಜಾರ್ಜಿಯಾ ಎದುರು 63-3ರಿಂದ ಸೋತಿತು. ನಮ್ಮಲ್ಲೇ ಇನ್ನೊಂದು ಬಗೆಯ ಉದಾಹರಣೆ ಇದೆ. 2024ರ ಜನವರಿ 1ರ ಸಿಟ್ರಸ್ ಬೌಲ್‌ನಲ್ಲಿ ನಮ್ಮ ಸೀನಿಯರ್ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವರು) ಜೋ ಮಿಲ್ಟನ್ ಆಡಲಿಲ್ಲ, ನಿಕೊ ಇಯಾಮಲಿಯಾವಾ ಮೊದಲ ಸಲ ಶುರುವಿನಿಂದ ಆಡಿದರು, ಅಯೋವಾ 35-0ರಿಂದ ಸೋತಿತು. ಸೀನಿಯರ್ ಬಿಟ್ಟ ಜಾಗ ಯಾರಿಗೆ ಸಿಗುತ್ತೆ, ಅವರಿಗೆ ತಯಾರಾಗಲು ಎಷ್ಟು ದಿನ ಸಿಗುತ್ತೆ, ಇವೆರಡರ ಮೇಲೇ ಎಲ್ಲ ನಿಂತಿದೆ.

ಅಲ್ಲೇ ನನಗೆ ನ್ಯಾಶ್‌ವಿಲ್ ಹಿಡಿಸೋದು. ನವೆಂಬರ್ 29ರಿಂದ ಡಿಸೆಂಬರ್ 27ಕ್ಕೆ 28 ದಿನ, 30ಕ್ಕೆ 31 ದಿನ. ಮೂರೇ ದಿನ ಅನ್ನಬೇಡಿ. ಡಿಸೆಂಬರ್ ಮೊದಲ ಭಾಗ ಪರೀಕ್ಷೆ ಮತ್ತು ಹೊಸಬರ ಸಹಿಗೆ ಹೋಗುತ್ತೆ, ಸಹಿಯ ದಿನ ಡಿಸೆಂಬರ್ 3. ಆಮೇಲಿನ ಮೊದಲ ಐದಾರು ಅಭ್ಯಾಸಗಳನ್ನು ಸಾಮಾನ್ಯವಾಗಿ ಕಿರಿಯರಿಗೆ ಬಿಡ್ತಾರೆ, ಎದುರಾಳಿಯ ಹೆಸರೂ ಎತ್ತಲ್ಲ, ಬರೀ ಬ್ಲಾಕಿಂಗ್, ಟ್ಯಾಕ್ಲಿಂಗ್, ಒಂದರ ಎದುರು ಒಂದು. ಎದುರಾಳಿಗೆ ತಕ್ಕ ಯೋಜನೆ ಆಮೇಲೆ. 27ರ ಪಂದ್ಯ ಅಂದರೆ ಕ್ರಿಸ್‌ಮಸ್‌ಗೆ ಮೊದಲೇ ತಂಡ ಊರು ಬಿಡಬೇಕು, ಆಗ ಕತ್ತರಿ ಬೀಳೋದು ಈ ಕಿರಿಯರ ಅಭ್ಯಾಸಕ್ಕೇ. 30ರ ಪಂದ್ಯ ಆದರೆ ಹುಡುಗರು ಹಬ್ಬ ಮನೆಯಲ್ಲಿ ಮಾಡಿ ಮರುದಿನ ನೇರ ನ್ಯಾಶ್‌ವಿಲ್‌ಗೆ ಬರಬಹುದು.

ಹೊಸಬರನ್ನು ಇಳಿಸೋದಕ್ಕೆ ರೆಡ್‌ಶರ್ಟ್ ಅಡ್ಡಿಯಾಗಲ್ಲ. ನಾಲ್ಕು ಪಂದ್ಯದವರೆಗೆ ಆಡಿದರೂ ಆಡುವ ಅರ್ಹತೆಯ ಒಂದು ವರ್ಷ ಉಳಿಯುತ್ತೆ ಅನ್ನೋದು 2018ರಿಂದ ಇರುವ ನಿಯಮ, ಬೌಲ್ ಪಂದ್ಯ ಆ ನಾಲ್ಕರಲ್ಲಿ ಸೇರಲ್ಲ. ಕ್ವಾರ್ಟರ್‌ಬ್ಯಾಕ್ ಜಾರ್ಜ್ ಮೆಕಿಂಟೈರ್ ನ್ಯಾಶ್‌ವಿಲ್ ಪಕ್ಕದ ಬ್ರೆಂಟ್‌ವುಡ್ ಹುಡುಗ. ಅವನಿಗೆ ಕೆಲವು ಸರಣಿ ಆಡಲು ಕೊಡೋದಾದರೆ ಇದಕ್ಕಿಂತ ಒಳ್ಳೆ ಜಾಗ ಯಾವುದು?


ಕಿತ್ತಳೆ_ಬಿಳಿ

ಗೇಟರ್ ಬೌಲ್ ಪರವಾಗಿ ಯಾರಾದರೂ ಮಾತಾಡಬೇಕಲ್ಲ.

ಎದುರಾಳಿ ನೋಡಿ. ಗೇಟರ್‌ಗೆ ಎಸಿಸಿ ಅನ್ನೋ ಇನ್ನೊಂದು ಕಾನ್ಫರೆನ್ಸ್‌ನಿಂದ ತಂಡ ಬರುತ್ತೆ. ವರ್ಜೀನಿಯಾ 10-2 ಇದೆ, ಡಿಸೆಂಬರ್ 6ರಂದು ಡ್ಯೂಕ್ ಎದುರು ಎಸಿಸಿ ಫೈನಲ್ ಆಡುತ್ತೆ. ಅದು ಸೋತರೆ ಗೇಟರ್‌ಗೆ ಬರುವ ಸಾಧ್ಯತೆ ಇದೆ. ಜಾರ್ಜಿಯಾ ಟೆಕ್ 9-3 ಕೂಡ ಇದೆ, 2017ರಲ್ಲಿ ಅಟ್ಲಾಂಟಾದಲ್ಲಿ ಎರಡು ಓವರ್‌ಟೈಮ್‌ಗೆ ಹೋಗಿ 42-41ರಿಂದ ಗೆದ್ದ ಪಂದ್ಯ ನೆನಪಿದ್ದವರಿಗೆ ಅದು ರುಚಿಸುತ್ತೆ. ಶನಿವಾರ ರಾತ್ರಿ 7.30, ಎಬಿಸಿ ಚಾನೆಲ್. ಮ್ಯೂಸಿಕ್ ಸಿಟಿ ಮಂಗಳವಾರ ಸಂಜೆ, ಇಎಸ್‌ಪಿಎನ್. ಮನೆಯಲ್ಲಿ ಕೂತು ನೋಡುವ ಹೈಸ್ಕೂಲ್ ಹುಡುಗನಿಗೆ ಈ ವ್ಯತ್ಯಾಸ ದೊಡ್ಡದು, ಅದೂ ಫ್ಲಾರಿಡಾ, ದಕ್ಷಿಣ ಜಾರ್ಜಿಯಾದಲ್ಲಿ ನಾವು ಆಟಗಾರರನ್ನು ಹುಡುಕುವಾಗ. ನ್ಯಾಶ್‌ವಿಲ್ ಹುಡುಗರು ನಮ್ಮನ್ನು ಹೇಗೂ ನೋಡ್ತಾರೆ.

ಇತಿಹಾಸವೂ ಅಲ್ಲಿ ನಮ್ಮ ಕಡೆ. 2015ರ ಜನವರಿಯಲ್ಲಿ ಅದೇ ಊರಲ್ಲಿ ಅಯೋವಾ ಮೇಲೆ 45-28. 2020ರ ಜನವರಿ 2ಕ್ಕೆ ಇಂಡಿಯಾನಾ ಮೇಲೆ 23-22, ಆನ್‌ಸೈಡ್ ಕಿಕ್ (ಚೆಂಡು ಮತ್ತೆ ತಮಗೇ ಸಿಗಲಿ ಅಂತ ಹತ್ತಿರಕ್ಕೇ ಒದೆಯೋದು) ಹಿಡಿದು ತಿರುಗಿಸಿದ ಪಂದ್ಯ. ನ್ಯಾಶ್‌ವಿಲ್‌ನಲ್ಲಿ 2010ರ ಡಿಸೆಂಬರ್ 30: ಸಮಯ ಮುಗೀತು ಅಂದುಕೊಂಡಾಗ ನಾರ್ತ್ ಕ್ಯಾರೊಲಿನಾಗೆ ಒಂದು ಸೆಕೆಂಡ್ ವಾಪಸ್ ಸಿಕ್ಕಿ, ಫೀಲ್ಡ್ ಗೋಲ್ ಹೊಡೆದು, ಎರಡನೇ ಓವರ್‌ಟೈಮ್‌ನಲ್ಲಿ 30-27ರಿಂದ ನಮಗೆ ಸೋಲು. ಕೊನೆ ನಿಮಿಷದ ತಪ್ಪಿಗೆ ಗಡಿಯಾರದಿಂದ ಹತ್ತು ಸೆಕೆಂಡ್ ಕಳೆಯುವ ನಿಯಮ ಮರುವರ್ಷ ಬಂತು, ಆ ಪಂದ್ಯ ನೋಡಿಯೇ. 2021ರ ಡಿಸೆಂಬರ್ 30: ಪರ್ಡ್ಯೂ ಎದುರು ಓವರ್‌ಟೈಮ್‌ನಲ್ಲಿ ನಾಲ್ಕನೇ ಡೌನ್‌ನಲ್ಲಿ (ಕೊನೆಯ ಯತ್ನ) ನಮ್ಮ ಜೇಲನ್ ರೈಟ್ ಮುಂದೆ ಸಾಗೋದು ನಿಂತಿತ್ತು ಅಂತ ಸೀಟಿ ಊದಿದರು, 48-45ರಿಂದ ಸೋಲು. ಈ ಸಲವೂ ಡಿಸೆಂಬರ್ 30ಕ್ಕೇ. ಸೋಲಿಗೆ ತಾರೀಖು ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಆ ಊರಿಗೆ ಹೋಗೋಕೆ ಇಷ್ಟ ಇಲ್ಲದ ಅಭಿಮಾನಿಗಳು ಸಾವಿರಾರು ಜನ ಇದ್ದಾರೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.


ಗೆರೆದಾಟಿದ_ಚೆಂಡು

ಇಷ್ಟ ಇಲ್ಲ ಅಂದರೂ ಜನ ಹೋಗ್ತಾರೆ ಸರ್. 2021ರ ಆ ಪಂದ್ಯಕ್ಕೆ ಸುಮಾರು 69,000 ಜನ, ನಿಸಾನ್ ಸ್ಟೇಡಿಯಂ ಭರ್ತಿ. ಟಿವಿ ವಿಷಯದಲ್ಲಿ ನಿಮ್ಮ ಮಾತು ಒಪ್ತೀನಿ, ಶನಿವಾರ ರಾತ್ರಿಯ ಎಬಿಸಿಗೆ ಸಮ ಇಲ್ಲ. ಆದರೆ ಈ ಸೀಸನ್‌ನಲ್ಲಿ ನಮ್ಮನ್ನು ಸೋಲಿಸಿದ್ದು ಡಿಫೆನ್ಸ್. ಜಾರ್ಜಿಯಾಗೆ 44, ವ್ಯಾಂಡಿಗೆ 45 ಕೊಟ್ಟಿದ್ದೀವಿ. ಅದನ್ನು ಸರಿಮಾಡೋಕೆ ಬೇಕಾಗಿರೋದು ಅಭ್ಯಾಸದ ದಿನಗಳು.


ಸೌತ್‌ಎಂಡ್_ಕನ್ನಡಿಗ

ಪೋರ್ಟಲ್ ತಾರೀಖನ್ನು ಬೌಲ್ ತಾರೀಖಿನ ಪಕ್ಕ ಇಟ್ಟು ನೋಡಿರಲಿಲ್ಲ, ಧನ್ಯವಾದ. ಹಾಗಾದರೆ ಜನವರಿ 2ರ ಎರಡನ್ನೂ ಪಟ್ಟಿಯಿಂದ ತೆಗೆದೆ. ಇನ್ನು ಎರಡು ಪ್ರಶ್ನೆ: ದೊಡ್ಡ ಬೌಲ್‌ಗೆ ಹೋದರೆ ಶಾಲೆಗೆ ದುಡ್ಡು ಜಾಸ್ತಿ ಬರುತ್ತಾ? ಟಿಕೆಟ್, ಹೋಟೆಲ್ ಯಾವಾಗ?


ಐ40_ಪಶ್ಚಿಮ

ದುಡ್ಡಿನದು ಚಿಕ್ಕ ಉತ್ತರ. ಬೌಲ್ ಕೊಡುವ ಹಣ ನೇರ ಶಾಲೆಗೆ ಬರಲ್ಲ, ಎಸ್‌ಇಸಿಗೆ ಹೋಗುತ್ತೆ. ಆಡುವ ಶಾಲೆಗೆ ಖರ್ಚಿಗಂತ ಒಂದು ಮೊತ್ತ ಕೊಟ್ಟು ಉಳಿದಿದ್ದನ್ನು ಎಲ್ಲರಿಗೂ ಹಂಚ್ತಾರೆ. ಹಾಗಾಗಿ ಜಾಕ್ಸನ್‌ವಿಲ್ಲೋ ನ್ಯಾಶ್‌ವಿಲ್ಲೋ ಅನ್ನೋದರಿಂದ ಶಾಲೆಯ ಜೇಬಿಗೆ ಆಗುವ ವ್ಯತ್ಯಾಸ ಹೆಚ್ಚೇನಲ್ಲ. ಖರ್ಚು ಏರೋದು ದೂರದಿಂದ: ತಂಡ, ಬ್ಯಾಂಡ್, ಚಿಯರ್ ತಂಡ, ಸಿಬ್ಬಂದಿ ಎಲ್ಲ ಸೇರಿ ನೂರಾರು ಜನ. ನ್ಯಾಶ್‌ವಿಲ್ ಆದರೆ ಅಷ್ಟೂ ಜನ ಬಸ್ಸಲ್ಲಿ ಹೋಗಬಹುದು.

ನಮ್ಮೂರು ನಾಕ್ಸ್‌ವಿಲ್‌ನಿಂದ ದೂರ ಹೀಗಿದೆ. ನ್ಯಾಶ್‌ವಿಲ್ 180 ಮೈಲಿ, ಮೂರು ಗಂಟೆ, ಒಂದೇ ರಸ್ತೆ ಐ-40. ಮೆಂಫಿಸ್ ಅದೇ ರಸ್ತೆಯ ಇನ್ನೊಂದು ತುದಿ, 390 ಮೈಲಿ. ಜಾಕ್ಸನ್‌ವಿಲ್ ಸುಮಾರು 540, ಎಂಟು ಗಂಟೆಗೂ ಹೆಚ್ಚು, ಅದೂ ಅಟ್ಲಾಂಟಾದಲ್ಲಿ ಸಿಕ್ಕಿಹಾಕಿಕೊಳ್ಳದಿದ್ದರೆ. ಟ್ಯಾಂಪಾಕ್ಕೆ ಐ-75 ಹಿಡಿದು ಹತ್ತು ಗಂಟೆ. ಶಾರ್ಲಟ್ ನಕ್ಷೆಯಲ್ಲಿ ಹತ್ತಿರ ಕಾಣುತ್ತೆ, ಸುಮಾರು 230 ಮೈಲಿ, ಆದರೆ ನೆಚ್ಚಬೇಡಿ. 2024ರ ಸೆಪ್ಟೆಂಬರ್‌ನ ಹೆಲೀನ್ ಚಂಡಮಾರುತದಲ್ಲಿ ಪಿಜನ್ ನದಿ ಕಣಿವೆಯಲ್ಲಿ ಐ-40 ಕೊಚ್ಚಿಹೋಗಿತ್ತಲ್ಲ, ಆ ಭಾಗ 2025ರ ಮಾರ್ಚ್‌ನಲ್ಲಿ ತೆರೆದಿದ್ದು ಪ್ರತಿ ದಿಕ್ಕಿಗೆ ಒಂದೇ ಲೇನ್‌ನಲ್ಲಿ, ಗಂಟೆಗೆ 35 ಮೈಲಿ ಮಿತಿಯಲ್ಲಿ. ರಜೆಯ ವಾರದಲ್ಲಿ ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ. ಐ-81, ಐ-26 ಸುತ್ತಿ ಹೋಗೋದೇ ವಾಸಿ.

ಹೋಟೆಲ್ ಈವತ್ತೇ ಹಿಡಿಯಿರಿ, ಏಳನೇ ತಾರೀಖಿನವರೆಗೆ ಕಾಯಬೇಡಿ. ಆದರೆ ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್ ಬರುವ ದರವನ್ನೇ ಆರಿಸಿ. "ಮುಂಗಡ ಪಾವತಿ, ರಿಯಾಯಿತಿ" ಅಂತ ತೋರಿಸುವ ಕಡಿಮೆ ದರ ಸಾಮಾನ್ಯವಾಗಿ ರದ್ದಾಗಲ್ಲ, ಎಡವೋದು ಅಲ್ಲೇ. ನ್ಯಾಶ್‌ವಿಲ್‌ನಲ್ಲಿ 29, 30 ಎರಡು ರಾತ್ರಿ. ಜಾಕ್ಸನ್‌ವಿಲ್‌ನಲ್ಲಿ 26, 27. ಎರಡನ್ನೂ ಹಿಡಿದು, ಪ್ರಕಟಣೆ ಆದ ರಾತ್ರಿ ಒಂದನ್ನು ಬಿಡಿ. ರದ್ದು ಮಾಡಲು ಕೊನೆಯ ಗಡುವು ಯಾವ ದಿನ, ಯಾವ ಊರಿನ ಗಂಟೆ ಪ್ರಕಾರ ಅಂತ ಬರೆದಿಟ್ಟುಕೊಳ್ಳಿ. ನ್ಯಾಶ್‌ವಿಲ್ ನಮಗಿಂತ ಒಂದು ಗಂಟೆ ಹಿಂದೆ. 31ರ ರಾತ್ರಿ ಅಲ್ಲಿ ಬೈಸೆಂಟೆನಿಯಲ್ ಮಾಲ್ ಉದ್ಯಾನದಲ್ಲಿ ಹೊಸವರ್ಷದ ದೊಡ್ಡ ಉಚಿತ ಸಂಗೀತ ಕಾರ್ಯಕ್ರಮ ಇರುತ್ತೆ, ಹಾಗಾಗಿ ಡೌನ್‌ಟೌನ್ ದರ 30ಕ್ಕೇ ಏರಿರುತ್ತೆ, ಕೆಲವು ಕಡೆ ಕನಿಷ್ಠ ಎರಡು ಮೂರು ರಾತ್ರಿ ಅಂತ ಷರತ್ತು ಹಾಕ್ತಾರೆ. ಐ-40 ಪೂರ್ವಕ್ಕೆ ಲೆಬನಾನ್, ಮೌಂಟ್ ಜೂಲಿಯೆಟ್ ಕಡೆ ಉಳಿದರೆ ದರವೂ ಇಳಿಯುತ್ತೆ, ವಾಪಸ್ ಹೊರಡೋದೂ ಸುಲಭ.

ಟಿಕೆಟ್ ಎರಡು ದಾರಿ. ಶಾಲೆಯ ಪಾಲಿಗೆ ಬರುವ ಟಿಕೆಟ್ ಶಾಲೆಗೆ ದೇಣಿಗೆ ಕೊಡುವವರಿಗೆ ಸಿಗುವ ಅಂಕದ ಕ್ರಮದಲ್ಲಿ ಹಂಚಿಕೆಯಾಗುತ್ತೆ. ಅಂಕ ಕಡಿಮೆ ಇದ್ದರೆ ಮೂಲೆಯ ಸೀಟು ಪೂರ್ತಿ ಬೆಲೆಗೆ ಬರುತ್ತೆ. ಆದರೂ ಶಾಲೆಯಿಂದ ಕೊಂಡರೆ ಶಾಲೆಗೇ ಒಳ್ಳೆಯದು, ಮಾರಾಟವಾಗದೆ ಉಳಿದ ಟಿಕೆಟ್‌ನ ಹೊರೆ ಅವರ ಮತ್ತು ಕಾನ್ಫರೆನ್ಸ್ ತಲೆಮೇಲೆ ಬೀಳುತ್ತೆ. ಇನ್ನೊಂದು ದಾರಿ ಮರುಮಾರಾಟದ ಆ್ಯಪ್. ದೂರದ ಊರಿನ ಬೌಲ್ ಆದರೆ ಕೊನೆಯ 48 ಗಂಟೆಯಲ್ಲಿ ಬೆಲೆ ಸಾಮಾನ್ಯವಾಗಿ ಕುಸಿಯುತ್ತೆ, ಕಾಯಬಹುದು. ನ್ಯಾಶ್‌ವಿಲ್‌ಗೆ ಈ ಲೆಕ್ಕ ನಡೆಯಲ್ಲ. ಮೂರು ಗಂಟೆ ದೂರದ ಜನ ಬೆಳಗ್ಗೆ ಎದ್ದು ಹೊರಡಬಹುದು, ಆದ್ದರಿಂದ ಬೇಡಿಕೆ ಕೊನೆ ದಿನವೂ ಇಳಿಯಲ್ಲ. ಅಲ್ಲಿಗಾದರೆ ಪ್ರಕಟಣೆಯ ಮೊದಲ ಉತ್ಸಾಹ ತಣ್ಣಗಾದ ಮೇಲೆ, ಡಿಸೆಂಬರ್ 10ರಿಂದ 20ರೊಳಗೆ ಕೊಳ್ಳಿ. ಬೆಲೆ ಹೋಲಿಸುವಾಗ ಶುಲ್ಕ ಸೇರಿದ ಮೊತ್ತ ನೋಡಿ.

ನಿಸಾನ್ ಸ್ಟೇಡಿಯಂನಲ್ಲಿ ಜನ ಎಡವೋದು ಪಾರ್ಕಿಂಗ್ ವಿಷಯದಲ್ಲಿ. ಪಕ್ಕದಲ್ಲೇ ಹೊಸ ಸ್ಟೇಡಿಯಂ ಕಟ್ತಿರೋದು ಹಳೆಯ ಪಾರ್ಕಿಂಗ್ ಜಾಗದ ಮೇಲೆ, ಹಾಗಾಗಿ 2021ಕ್ಕೆ ಹೋದವರ ನೆನಪು ಈಗ ಕೆಲಸಕ್ಕೆ ಬರಲ್ಲ. ಡೌನ್‌ಟೌನ್ ಕಡೆಯ ಗ್ಯಾರೇಜ್‌ನಲ್ಲಿ ಮೊದಲೇ ಜಾಗ ಕಾದಿರಿಸಿ, ಸೀಗೆನ್‌ಥಾಲರ್ ಪಾದಚಾರಿ ಸೇತುವೆ ಮೇಲೆ ನದಿ ದಾಟಿ ನಡೆದು ಬನ್ನಿ. ಕಿಕ್‌ಆಫ್ ಅಲ್ಲಿನ ಗಂಟೆ 4.30, ಸ್ವಲ್ಪ ಹೊತ್ತಿಗೇ ಸೂರ್ಯ ಮುಳುಗ್ತಾನೆ. ಮೊದಲ ಕ್ವಾರ್ಟರ್‌ಗೆ ಸಾಕೆನಿಸಿದ ಸ್ವೆಟರ್ ನಾಲ್ಕನೆಯದಕ್ಕೆ ಸಾಲಲ್ಲ, ರಾತ್ರಿ 30 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿಗೆ ಇಳಿಯಬಹುದು. ಚಾವಣಿ ಇಲ್ಲದ ಸ್ಟೇಡಿಯಂ, ಕಾಲ ಕೆಳಗೆ ಕಾಂಕ್ರೀಟ್, ದಪ್ಪ ಸಾಕ್ಸ್ ಮರೆಯಬೇಡಿ. ಚೀಲ ಪಾರದರ್ಶಕ ಇರಬೇಕು, 12 ಇಂಚು ಉದ್ದ, 12 ಎತ್ತರ, 6 ಅಗಲ. ಕೈಪರ್ಸ್ ಆದರೆ 4.5 ಇಂಟು 6.5 ಇಂಚು. ಟಿಕೆಟ್ ಮನೆಯಲ್ಲೇ ಫೋನ್ ವ್ಯಾಲೆಟ್‌ಗೆ ಇಳಿಸಿಕೊಂಡು ಬನ್ನಿ, ಗೇಟಿನ ಹತ್ತಿರ ಅಷ್ಟು ಜನರ ನಡುವೆ ನೆಟ್‌ವರ್ಕ್ ಸಿಗಲ್ಲ.


ಮೂರನೇ_ಡೌನ್

ಎಲ್ಲ ಸರಿ, ಇನ್ನೊಂದು ತಿರುವು ಬಾಕಿ ಇದೆ. ಡಿಸೆಂಬರ್ 6ರಂದು ಅಟ್ಲಾಂಟಾದಲ್ಲಿ ಜಾರ್ಜಿಯಾ-ಅಲಬಾಮಾ ಎಸ್‌ಇಸಿ ಫೈನಲ್. ಅಲಬಾಮಾ ದೊಡ್ಡ ಅಂತರದಲ್ಲಿ ಸೋತು ಸಮಿತಿ ಅದನ್ನು ಪ್ಲೇಆಫ್‌ನಿಂದ ಕೆಳಗಿಳಿಸಿದರೆ ಸಿಟ್ರಸ್ ಅದನ್ನೇ ಎತ್ತಿಕೊಳ್ಳುತ್ತೆ. ಟೆಕ್ಸಸ್, ವ್ಯಾಂಡಿ ಇಬ್ಬರೂ ಪೂಲ್‌ಗೆ ಇಳೀತಾರೆ, ಒಬ್ಬರು ಟ್ಯಾಂಪಾ, ಇನ್ನೊಬ್ಬರು ಜಾಕ್ಸನ್‌ವಿಲ್ ಅಥವಾ ಹ್ಯೂಸ್ಟನ್. ಆಗ ಮಿಸೌರಿ ಮೆಂಫಿಸ್ ಕಡೆ ಸರಿಯಬಹುದು, ಅವರು ಮೊದಲಿದ್ದ ಬಿಗ್ 12 ಕಾನ್ಫರೆನ್ಸ್‌ನ ಹಳೆಯ ಪರಿಚಯಸ್ಥರು ಎದುರಿಗಿರ್ತಾರೆ. ಹೇಗೆ ತಿರುಗಿಸಿದರೂ ನ್ಯಾಶ್‌ವಿಲ್ ನಮ್ಮಿಂದ ದೂರ ಹೋಗಲ್ಲ.

ಅಲ್ಲಿ ಎದುರಾಳಿ ಬಿಗ್ ಟೆನ್‌ನಿಂದ. ಅಯೋವಾ ಕಳೆದ ವರ್ಷ ಅಲ್ಲೇ ಆಡಿದೆ, ನಮ್ಮ ಜೊತೆಯೂ ಈಚೆಗೆ ಆಡಿದೆ, ಅದು ಬಿಡಿ. ಇಲಿನಾಯ್ 8-4, ಮಿನೆಸೋಟ 7-5, ನೆಬ್ರಾಸ್ಕಾ 7-5. ಇಲಿನಾಯ್ ಬಂದರೆ ಒಳ್ಳೆಯದು. ಕಳೆದ ಸಿಟ್ರಸ್ ಬೌಲ್‌ನಲ್ಲಿ ಸೌತ್ ಕ್ಯಾರೊಲಿನಾವನ್ನು 21-17ರಿಂದ ಸೋಲಿಸಿದ ತಂಡ ಅದು, ಬ್ರೆಟ್ ಬೀಲೆಮಾ ಇನ್ನೂ ಅಲ್ಲೇ ಇದ್ದಾರೆ, ಹಂಗಾಮಿ ಕೋಚ್ ಗೋಜಲಿಲ್ಲ. ಆರನೇ ತಾರೀಖು ರಾತ್ರಿ ಫೈನಲ್ ಮುಗಿದ ಮೇಲೆ ಜಾಕ್ಸನ್‌ವಿಲ್ ಕೋಣೆ ಇಟ್ಟುಕೊಳ್ಳಬೇಕಾ ಬಿಡಬೇಕಾ ಅಂತ ಇಲ್ಲೇ ಬರೀತೀನಿ.